ಆಯಿಲ್ ಚೇಂಜ್ ಆದ ಮೇಲೆ ಎಂಜಿನ್ ಸೀಜ್ ಆದರೆ ಹೊಣೆ ಯಾರದು?

ಕಾರಿನ ಅಡಿ ಮಲಗಿ ನೋಡಿದರೆ ಎಂಜಿನ್ನಿನ ತಳದಲ್ಲಿ ಹೆಬ್ಬೆರಳ ಗಾತ್ರದ ಒಂದು ಬೋಲ್ಟ್ ಕಾಣುತ್ತದೆ. ಅದರ ಕುತ್ತಿಗೆಗೆ ತಾಮ್ರದ್ದೋ ಅಲ್ಯೂಮಿನಿಯಂನದ್ದೋ ಒಂದು ತೆಳು ವಾಷರ್. ಗ್ಯಾರೇಜಿನವರು ಚೇಂಬರ್ ಎಂದು ಕರೆಯುವ ಆಯಿಲ್ ತೊಟ್ಟಿಯನ್ನು ಕೆಳಗಿನಿಂದ ಮುಚ್ಚಿರುವುದು ಇದೊಂದೇ. ಆಯಿಲ್ ಬದಲಿಸುವಾಗ ಇದನ್ನು ಬಿಚ್ಚಿ ಹಳೆಯದನ್ನು ಇಳಿಸಬೇಕು, ವಾಷರ್ ಹೊಸದು ಹಾಕಬೇಕು, ಹದವಾಗಿ ಬಿಗಿಯಬೇಕು. ಬಿಗಿ ಕಡಿಮೆಯಾದರೆ ಎಂಜಿನ್ನಿನ ನಡುಕಕ್ಕೆ ಬೋಲ್ಟ್ ಸಡಿಲವಾಗುತ್ತ ಹೋಗಿ ರಸ್ತೆಯಲ್ಲಿ ಬಿದ್ದುಹೋಗುತ್ತದೆ. ಹೆಚ್ಚಾದರೆ ಅಲ್ಯೂಮಿನಿಯಂ ಚೇಂಬರಿನ ಥ್ರೆಡ್ ಹೋಗುತ್ತದೆ. ಅರ್ಧ ಗಂಟೆಯ ಕೆಲಸ. ಎಡವಟ್ಟಾದರೆ ಕಾರಿನವರಿಗೆ ಬೀಳುವುದು ಲಕ್ಷದ ಲೆಕ್ಕದ ಖರ್ಚು.

ಆಗ ಗ್ಯಾರೇಜಿನ ಮುಂದೆ ಏಳುವ ಜಗಳ ಯಾವ ಊರಲ್ಲಾದರೂ ಹೆಚ್ಚುಕಡಿಮೆ ಒಂದೇ ಥರ. “ನಿನ್ನೆ ತಾನೇ ನಿಮ್ಮ ಹತ್ರ ಸರ್ವಿಸ್ ಮಾಡಿಸಿದ್ದು, ಇವತ್ತು ಎಂಜಿನ್ ಸೀಜ್ ಆಗಿದೆ ಅಂದ್ರೆ ಏನರ್ಥ?” ಅಂತ ಇವರು. “ಸಾರ್, ನಾವು ಹಾಕಿದ್ದು ಬರೀ ಆಯಿಲ್. ಎಂಜಿನ್ ಮುಟ್ಟೇ ಇಲ್ಲ” ಅಂತ ಅವರು. ಇಬ್ಬರೂ ಸುಳ್ಳು ಹೇಳುತ್ತಿರಲಿಕ್ಕಿಲ್ಲ. ಯಾರ ಮಾತು ಸರಿ ಎಂಬುದು ಆ ಎಂಜಿನ್ನಿನ ಒಳಗೇ ಇರುತ್ತದೆ. ಆ ಸಾಕ್ಷಿಯನ್ನು ಕಾಪಾಡಿಕೊಂಡವರಿಗೆ ನಮ್ಮ ಕಾನೂನಿನಲ್ಲಿ ದಾರಿಯಿದೆ. ಬಹಳಷ್ಟು ಜನ ಮೊದಲ ದಿನವೇ ಅದನ್ನು ತಮ್ಮ ಕೈಯಾರೆ ಅಳಿಸಿಬಿಡುತ್ತಾರೆ ಎಂಬುದೇ ನನ್ನ ಸಂಕಟ.

ಆಯಿಲ್ ಅಂದರೆ ಬರೀ ಜಾರಿಕೆಗೆ ಹಾಕುವ ಜಿಡ್ಡು ಎಂಬ ಭಾವನೆ ಸಾಮಾನ್ಯ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದೆ ಅಂದರೆ ಕ್ರ್ಯಾಂಕ್‌ಶಾಫ್ಟ್ ಸೆಕೆಂಡಿಗೆ 50 ಸುತ್ತು ಹಾಕುತ್ತಿದೆ, ಒಂದೊಂದು ಪಿಸ್ಟನ್ನೂ ಅಷ್ಟೇ ಸಲ ಮೇಲೆ ಕೆಳಗೆ ಆಡುತ್ತಿದೆ. ಕ್ರ್ಯಾಂಕ್‌ಗೂ ಅದನ್ನು ಹೊತ್ತ ಬೇರಿಂಗ್‌ಗೂ ನಡುವಿನ ಜಾಗ ಕೂದಲೆಳೆಗಿಂತ ಕಿರಿದು. ಪಂಪಿನ ಒತ್ತಡದಿಂದ ಅಲ್ಲಿಗೆ ನುಗ್ಗುವ ಆಯಿಲ್ ಎರಡು ಲೋಹಗಳನ್ನು ಒಂದಕ್ಕೊಂದು ತಾಗದಂತೆ ತೇಲಿಸಿ ಹಿಡಿಯುತ್ತದೆ, ಅಲ್ಲಿಯ ಶಾಖವನ್ನೂ ಹೊತ್ತೊಯ್ಯುತ್ತದೆ. ಒತ್ತಡ ಸತ್ತ ಗಳಿಗೆಯಲ್ಲಿ ಲೋಹ ಲೋಹಕ್ಕೆ ಉಜ್ಜುತ್ತದೆ. ಮೊದಲು ಕಟಕಟ ಸದ್ದು, ಆಮೇಲೆ ಬೇರಿಂಗಿನ ಮೆತ್ತನೆಯ ಲೇಪ ಕರಗಿ ಒರೆಸಿಹೋಗುತ್ತದೆ, ಕೊನೆಗೆ ಕ್ರ್ಯಾಂಕ್ ಕಚ್ಚಿಕೊಂಡು ನಿಲ್ಲುತ್ತದೆ. ಇದಕ್ಕೆಲ್ಲ ಗಂಟೆಗಳು ಬೇಕಿಲ್ಲ, ಕೆಲವು ನಿಮಿಷ ಸಾಕು. ಆದ್ದರಿಂದ “ಎಂಜಿನ್ ಮುಟ್ಟೇ ಇಲ್ಲ” ಎಂಬ ಮಾತು ನಿಲ್ಲುವುದಿಲ್ಲ. ಆಯಿಲ್ ಮುಟ್ಟಿದವರು ಎಂಜಿನ್ನಿನ ಪ್ರಾಣವನ್ನೇ ಮುಟ್ಟಿದ್ದಾರೆ.

ಆಯಿಲ್ ಬದಲಿಸುವಾಗ ಆಗುವ ತಪ್ಪುಗಳು ಮೆಕ್ಯಾನಿಕ್‌ಗಳಿಗೆ ಗೊತ್ತಿಲ್ಲದವೇನಲ್ಲ. ಬೋಲ್ಟ್ ಸಡಿಲ ಬಿಡುವುದು ಒಂದು. ಇನ್ನೊಂದು ಫಿಲ್ಟರಿನದು, ಇದು ಸ್ವಲ್ಪ ಸೂಕ್ಷ್ಮ. ಹಳೆಯ ಫಿಲ್ಟರ್ ತಿರುಗಿಸಿ ತೆಗೆದಾಗ ಅದರ ರಬ್ಬರ್ ಬಳೆ ಕೆಲವು ಸಲ ಎಂಜಿನ್ನಿಗೇ ಅಂಟಿಕೊಂಡು ಉಳಿಯುತ್ತದೆ. ಕಪ್ಪು ಜಿಡ್ಡಿನ ಮೇಲೆ ಕಪ್ಪು ರಬ್ಬರ್, ಕಣ್ಣಿಗೆ ಬೀಳುವುದಿಲ್ಲ. ಅದರ ಮೇಲೆಯೇ ಹೊಸ ಫಿಲ್ಟರ್ ಕೂರಿಸಿದರೆ ಎರಡು ಬಳೆ ಒಂದರ ಮೇಲೊಂದು. ಗ್ಯಾರೇಜಿನಲ್ಲಿ ಐಡ್ಲಿಂಗ್‌ನಲ್ಲಿ ನಿಂತಾಗ ಒಂದು ಹನಿಯೂ ಸೋರದಿರಬಹುದು. ಹೆದ್ದಾರಿಯಲ್ಲಿ ವೇಗ ಏರಿ ಒತ್ತಡ ಹೆಚ್ಚಿದಾಗ ಒಂದು ಬಳೆ ಜಾರಿ ಹೊರಬರುತ್ತದೆ, ಚಿಕ್ಕ ಪೆಟ್ರೋಲ್ ಕಾರಿನ ಮೂರು ಲೀಟರ್ ಚಿಲ್ಲರೆ ಆಯಿಲ್ ನೋಡನೋಡುತ್ತ ಖಾಲಿಯಾಗುತ್ತದೆ.

ಕೆಲವು ಆಟೊಮ್ಯಾಟಿಕ್ ಕಾರುಗಳಲ್ಲಿ ಎಂಜಿನ್ನಿನ ಬೋಲ್ಟೂ ಗೇರ್‌ಬಾಕ್ಸಿನ ಬೋಲ್ಟೂ ಹತ್ತಿರ ಹತ್ತಿರ ಇರುತ್ತವೆ. ಗೇರ್‌ಬಾಕ್ಸಿನದನ್ನು ಇಳಿಸಿ ಎಂಜಿನ್ನಿಗೆ ಹೊಸ ಆಯಿಲ್ ಸುರಿದರೆ ಒಂದು ಕಡೆ ಬರಿದು, ಇನ್ನೊಂದು ಕಡೆ ಎರಡು ಪಟ್ಟು. ಆಯಿಲ್ ಹೆಚ್ಚಾದರೂ ಕೇಡೇ. ತಿರುಗುವ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ, ನೊರೆಯಲ್ಲಿರುವ ಗಾಳಿಗೆ ಬೇರಿಂಗನ್ನು ಹೊರುವ ಶಕ್ತಿಯಿಲ್ಲ. ಇನ್ನು ಗ್ರೇಡ್ ತಪ್ಪುವುದು: 0ಡಬ್ಲ್ಯು-20 ಬೇಕೆನ್ನುವ ಎಂಜಿನ್ನಿಗೆ ಡ್ರಮ್ಮಿನಲ್ಲಿದ್ದ 20ಡಬ್ಲ್ಯು-40 ಹಾಕುವುದು, 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಗಾಡಿಗೆ ಹಳೆಯ ಮಾದರಿಯ ಡೀಸೆಲ್ ಆಯಿಲ್ ಹಾಕಿ ಅದರ ಹೊಗೆ ಫಿಲ್ಟರ್ ಕಟ್ಟಿಕೊಳ್ಳುವಂತೆ ಮಾಡುವುದು, ಬೈಕಿಗೆ ಕಾರಿನ ಆಯಿಲ್ ಸುರಿದು ಕ್ಲಚ್ ಜಾರಿಸುವುದು. ಇವು ಎಂಜಿನ್ನನ್ನು ಮರುದಿನವೇ ಕೊಲ್ಲುವುದಿಲ್ಲ. ಹೆಚ್ಚುತ್ತ ಹೋಗುವ ಸವೆತವಾಗಿ ತಿಂಗಳುಗಟ್ಟಲೆ ಕೆಲಸ ಮಾಡುತ್ತವೆ. ಹಾಗಾಗಿ ಸಾಬೀತು ಮಾಡುವುದಕ್ಕೆ ಎಲ್ಲಕ್ಕಿಂತ ಕಷ್ಟವೂ ಇವೇ. ಬಿಲ್ಲಿನಲ್ಲಿ ಬರೀ “ಎಂಜಿನ್ ಆಯಿಲ್” ಎಂದಿದ್ದು ಗ್ರೇಡ್ ಬರೆದಿಲ್ಲದಿದ್ದರೆ ಆ ದೂರು ಹೆಚ್ಚು ದೂರ ಹೋಗುವುದಿಲ್ಲ.

ಇಲ್ಲಿ ಓಡಿಸುವವರ ಪಾಲಿನ ಮಾತು ಬರುತ್ತದೆ. ಡ್ಯಾಶ್‌ಬೋರ್ಡಿನಲ್ಲಿ ಎಣ್ಣೆಗಿಂಡಿಯ ಆಕಾರದ ಒಂದು ಕೆಂಪು ದೀಪವಿದೆ. ಅನೇಕರು ಅದನ್ನು ಪೆಟ್ರೋಲ್ ಕಡಿಮೆಯಾದಾಗ ಉರಿಯುವ ದೀಪದ ಸಾಲಿಗೆ ಸೇರಿಸಿದ್ದಾರೆ: ಆಯಿಲ್ ಸ್ವಲ್ಪ ಕಮ್ಮಿಯಾಗಿದೆ, ಮುಂದಿನ ಬಂಕಿನಲ್ಲಿ ನೋಡೋಣ. ಆ ದೀಪ ಅಳೆಯುವುದು ಆಯಿಲ್ ಎಷ್ಟಿದೆ ಎಂಬುದನ್ನಲ್ಲ, ಒತ್ತಡವನ್ನು. ಒತ್ತಡ ಬಹುಪಾಲು ಸತ್ತ ಮೇಲೆಯೇ ಅದು ಹೊತ್ತಿಕೊಳ್ಳುವುದು. ಅಂದರೆ ದೀಪ ಕಂಡಾಗ ಬೇರಿಂಗ್‌ಗಳು ಆಗಲೇ ಒಣಗುತ್ತಿವೆ. ಗಾಡಿ ಪಕ್ಕಕ್ಕೆ ಹಾಕಿ ಕೀ ತಿರುಗಿಸಿ ನಿಲ್ಲಿಸುವುದೊಂದೇ ಆಗ ಉಳಿದ ಕೆಲಸ. ಶಿರಾಡಿ ಘಾಟಿಯ ನಡುವೆ, ಮಳೆಯಲ್ಲಿ, ಮಕ್ಕಳು ಹಿಂದೆ ಕೂತಿದ್ದಾಗ ಹಾಗೆ ನಿಲ್ಲಿಸುವುದು ಸುಲಭವಲ್ಲ ಎಂಬುದು ನನಗೂ ಗೊತ್ತು. ಆದರೂ ದೀಪ ಉರಿದ ಮೇಲೆ ಓಡಿಸಿದ ಒಂದೊಂದು ಕಿಲೋಮೀಟರೂ ಗ್ಯಾರೇಜಿನವರ ಹೊಣೆಯಿಂದ ಒಂದಿಷ್ಟನ್ನು ಕಳೆದು ನಿಮ್ಮ ಕಡೆಗೆ ಸೇರಿಸುತ್ತದೆ. 1872ರ ಕರಾರು ಕಾಯ್ದೆಯ 73ನೇ ಕಲಂ ನಷ್ಟದ ಲೆಕ್ಕ ಹಾಕುವಾಗ ಅದನ್ನು ತಗ್ಗಿಸಲು ನಿಮ್ಮ ಕೈಯಲ್ಲಿ ಏನು ದಾರಿಯಿತ್ತು ಎಂಬುದನ್ನೂ ನೋಡಬೇಕೆನ್ನುತ್ತದೆ. ಬೋಲ್ಟ್ ಸಡಿಲ ಬಿಟ್ಟದ್ದು ಅವರ ತಪ್ಪು, ನಿಜ. ತಕ್ಷಣ ನಿಲ್ಲಿಸಿದ್ದರೆ ಒಂದು ಬೋಲ್ಟು, ಒಂದು ಸಲದ ಆಯಿಲ್, ಟೋಯಿಂಗ್ ಬಾಡಿಗೆಯಲ್ಲಿ ಮುಗಿಯುತ್ತಿತ್ತು ಎಂಬ ವಾದವೂ ಅಷ್ಟೇ ನಿಜ. ಕೆಲವು ಕಾರುಗಳಲ್ಲಿ ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ ಆದ ಇಸಿಯು ಒತ್ತಡದ ದೋಷ ಎಷ್ಟನೇ ಕಿಲೋಮೀಟರಿನಲ್ಲಿ ಕಾಣಿಸಿಕೊಂಡಿತು ಎಂಬುದನ್ನೂ ಬರೆದಿಟ್ಟುಕೊಳ್ಳುತ್ತದೆ, ಆದ್ದರಿಂದ “ದೀಪ ಬರಲೇ ಇಲ್ಲ” ಎಂದು ಸುಮ್ಮನೆ ಹೇಳಿ ಪಾರಾಗುವಂತಿಲ್ಲ.

ಮೆಕ್ಯಾನಿಕ್‌ಗಳ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಂಥ ಪ್ರಸಂಗಗಳು ಈ ಕಸುಬಿನಲ್ಲಿ ಸಾಕಷ್ಟಿವೆ. ವರ್ಷಗಟ್ಟಲೆ ಆಯಿಲ್ ಬದಲಿಸದೆ ಓಡಿಸಿ, ಸದ್ದು ಶುರುವಾದ ಮೇಲೆ ಗಾಡಿ ತಂದು “ಒಂದು ಸರ್ವಿಸ್ ಮಾಡಿಕೊಡಿ” ಎನ್ನುವವರು ಇದ್ದಾರೆ. ಅಂಥ ಎಂಜಿನ್ನಿನ ಮೇಲಿನ ಮುಚ್ಚಳ ಬಿಚ್ಚಿದರೆ ಒಳಗೆಲ್ಲ ಟಾರಿನಂಥ ಕಪ್ಪು ಕೆಸರು ಗಟ್ಟಿಯಾಗಿ ಕೂತಿರುತ್ತದೆ. ಹೊಸ ಆಯಿಲ್‌ನಲ್ಲಿರುವ ತೊಳೆಯುವ ರಾಸಾಯನಿಕಕ್ಕೆ ಅದು ಕಿತ್ತುಬಂದು ಪಂಪಿನ ಜಾಲರಿ ಕಟ್ಟಿದರೆ ಒತ್ತಡ ಬೀಳುತ್ತದೆ. ಆ ಕೆಸರು ಒಂದು ವಾರದಲ್ಲಿ ಕಟ್ಟಿದ್ದಲ್ಲ, ನೋಡಿದವರಿಗೆ ಗೊತ್ತಾಗುತ್ತದೆ. ಹಾಗೆಯೇ ಕೂಲೆಂಟ್ ಸೋರಿ ಕಾದು ಹೆಡ್ ಬೆಂಡಾದ ಎಂಜಿನ್ನಿಗೂ ಆಯಿಲ್ ಬದಲಿಸಿದ್ದಕ್ಕೂ ಸಂಬಂಧವಿಲ್ಲ. ಹಂಪಿನ ಮೇಲೋ ಕಲ್ಲಿನ ಮೇಲೋ ತಳ ಬಡಿದು ಚೇಂಬರ್ ಒಡೆದಿದ್ದರೆ ಪೆಟ್ಟಿನ ಗುರುತು ಹೊರಗಿನಿಂದಲೇ ಕಾಣುತ್ತದೆ. ಬೋಲ್ಟ್ ಇಲ್ಲದ ಖಾಲಿ ತೂತು, ಗೀರು ಕೂಡ ಇಲ್ಲದ ಚೇಂಬರು, ಕಾರಿನ ಹಿಂಭಾಗದವರೆಗೆ ಸಿಡಿದು ಮೆತ್ತಿದ ಹೊಸ ಆಯಿಲ್: ಇಂಥ ಕಡೆ ಮಾತ್ರ ಗ್ಯಾರೇಜಿನವರಿಗೆ ಹೇಳುವುದಕ್ಕೆ ಹೆಚ್ಚೇನೂ ಉಳಿಯುವುದಿಲ್ಲ.

ಇನ್ನು ಕಾನೂನು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ 2020ರ ಜುಲೈ 20ರಿಂದ ಜಾರಿಯಲ್ಲಿದೆ. ಸೇವೆ ಕೊಡುವವರ ನಿರ್ಲಕ್ಷ್ಯದಿಂದಾಗಲಿ, ಮಾಡಬೇಕಾದ್ದನ್ನು ಮಾಡದೆ ಬಿಟ್ಟದ್ದರಿಂದಾಗಲಿ ಗ್ರಾಹಕರಿಗೆ ನಷ್ಟವಾದರೆ ಅದು ಸೇವಾ ನ್ಯೂನತೆ. ಬೇಕೆಂದೇ ಮಾಹಿತಿ ಮುಚ್ಚಿಟ್ಟರೂ ನ್ಯೂನತೆಯೇ. ಬಿಗಿಯುವಾಗಲೇ ಥ್ರೆಡ್ ಹೋದದ್ದು ಗೊತ್ತಾಗಿ, ಟೆಫ್ಲಾನ್ ಟೇಪ್ ಸುತ್ತಿ ಗಮ್ ಮೆತ್ತಿ ಏನೂ ಹೇಳದೆ ಗಾಡಿ ಕೊಟ್ಟು ಕಳಿಸಿದವರು ಈ ಎರಡನೆಯ ಮಾತಿಗೆ ಸಿಕ್ಕಿಬೀಳುತ್ತಾರೆ. ನನ್ನ ಕಣ್ಣಿಗೆ ಸಡಿಲ ಬೋಲ್ಟಿಗಿಂತ ದೊಡ್ಡ ಅಪರಾಧ ಅದು. ಕೈತಪ್ಪು ಯಾರಿಗೂ ಆಗಬಹುದು, ಗೊತ್ತಿದ್ದೂ ಸುಮ್ಮನಿರುವುದು ಬೇರೆ. ಕೆಲಸ ಮಾಡಿದ್ದು ಹೊಸದಾಗಿ ಸೇರಿದ ಹುಡುಗ ಎಂಬುದು ಮಾಲೀಕರಿಗೆ ರಕ್ಷಣೆಯಲ್ಲ. ಹುಡುಗನ ಕೈಗೆ ಸ್ಪ್ಯಾನರ್ ಕೊಟ್ಟವರು ಅವರೇ, ದುಡ್ಡು ಪಡೆದವರೂ ಅವರೇ.

ಬಿಲ್ಲಿನ ಹಿಂದೆ ಸಣ್ಣ ಅಕ್ಷರದಲ್ಲಿ “ವಾಹನ ಮಾಲೀಕರ ಜವಾಬ್ದಾರಿ” ಎಂದು ಅಚ್ಚು ಹಾಕಿಸಿದರೆ ಆಯಿತು ಎಂದುಕೊಂಡಿರುವ ಗ್ಯಾರೇಜುಗಳು ಬಹಳ. ಇದರ ಬಗ್ಗೆ ಸುಪ್ರೀಂ ಕೋರ್ಟಿನ ಒಂದು ತೀರ್ಪು ತಿಳಿದಿರುವುದು ಒಳ್ಳೆಯದು. 1998ರಲ್ಲಿ ದೆಹಲಿಯ ತಾಜ್ ಮಹಲ್ ಹೋಟೆಲಿಗೆ ಬಂದ ಅತಿಥಿಯೊಬ್ಬರು ತಮ್ಮ ಮಾರುತಿ ಜೆನ್ ಕಾರಿನ ಕೀಯನ್ನು ವ್ಯಾಲೆಟ್ ಪಾರ್ಕಿಂಗಿನವರಿಗೆ ಕೊಟ್ಟು ಒಳಹೋದರು. ಹೊರಬಂದಾಗ ಕಾರನ್ನು ಬೇರೆ ಯಾರೋ ಓಡಿಸಿಕೊಂಡು ಹೋಗಿದ್ದರು. ಟೋಕನ್ ಮೇಲೆ ನಿಮ್ಮ ಸ್ವಂತ ಹೊಣೆಯ ಮೇಲೆ ಎಂದು ಬರೆದಿದೆ ಎಂಬುದು ಹೋಟೆಲಿನ ವಾದ. ವಿಮಾ ಕಂಪನಿ ಮಾಲೀಕರಿಗೆ ಹಣ ಕೊಟ್ಟು ಹೋಟೆಲಿನ ಮೇಲೆ ದೂರು ಕೊಟ್ಟಿತು. 2019ರ ನವೆಂಬರ್‌ನಲ್ಲಿ ತೀರ್ಪು ಬರೆದವರು ಹಾವೇರಿ ಜಿಲ್ಲೆಯ ಚಿಕ್ಕೇರೂರಿನವರಾದ ನ್ಯಾಯಮೂರ್ತಿ ಮೋಹನ ಶಾಂತನಗೌಡರ. ವಾಹನವನ್ನು ವಶಕ್ಕೆ ಪಡೆದವರು ತಮ್ಮ ಅಥವಾ ತಮ್ಮ ಸಿಬ್ಬಂದಿಯ ನಿರ್ಲಕ್ಷ್ಯದ ಹೊಣೆಯಿಂದ ಒಂದು ಚೀಟಿಯ ಬಲದ ಮೇಲೆ ತಪ್ಪಿಸಿಕೊಳ್ಳುವಂತಿಲ್ಲ, ನಷ್ಟ ತಮ್ಮ ನಿರ್ಲಕ್ಷ್ಯದಿಂದ ಆಗಲಿಲ್ಲವೆಂದು ತೋರಿಸಬೇಕಾದವರು ಮೊದಲಿಗೆ ಅವರೇ ಎಂಬುದು ಅದರ ಸಾರ. ಹೀಗೆ ಇನ್ನೊಬ್ಬರ ವಸ್ತುವನ್ನು ವಶಕ್ಕೆ ಪಡೆಯುವುದಕ್ಕೆ ಕಾನೂನಿನಲ್ಲಿ ಬೇಲ್‌ಮೆಂಟ್ ಎನ್ನುತ್ತಾರೆ. ಕರಾರು ಕಾಯ್ದೆಯ 151ನೇ ಕಲಂ ಪ್ರಕಾರ, ಸಾಮಾನ್ಯ ವಿವೇಕವುಳ್ಳವರು ತಮ್ಮದೇ ವಸ್ತುವನ್ನು ಹೇಗೆ ಜೋಪಾನ ಮಾಡುತ್ತಾರೋ ಹಾಗೆ ಮಾಡಬೇಕು.

ಈ ತೀರ್ಪನ್ನು ಹಿಡಿದುಕೊಂಡು ನೇರ ಗೆಲ್ಲಬಹುದೆಂದು ಮಾತ್ರ ಅಂದುಕೊಳ್ಳಬಾರದು. ಅಲ್ಲಿ ಕಾರು ಹೋಟೆಲಿನ ವಶದಲ್ಲಿದ್ದಾಗಲೇ ಹೋಯಿತು. ಎಂಜಿನ್ ಸೀಜ್ ಆಗುವುದು ಸಾಮಾನ್ಯವಾಗಿ ಗಾಡಿ ನಿಮ್ಮ ಕೈಗೆ ಬಂದ ಮೇಲೆ, ರಸ್ತೆಯಲ್ಲಿ. ಸೇವಾ ನ್ಯೂನತೆಯನ್ನು ತೋರಿಸುವ ಮೊದಲ ಹೊರೆ ದೂರು ಕೊಟ್ಟವರದ್ದೇ ಎಂದು ಅದೇ ಸುಪ್ರೀಂ ಕೋರ್ಟ್ 2021ರಲ್ಲಿ ಇನ್ನೊಂದು ಪ್ರಕರಣದಲ್ಲಿ ಹೇಳಿದೆ. ಆದ್ದರಿಂದ “ನಿನ್ನೆ ಮಾಡಿಸಿದೆ, ಇವತ್ತು ಹೋಯಿತು” ಎಂಬುದು ಅನುಮಾನಕ್ಕೆ ಸಾಕು, ಆದೇಶಕ್ಕೆ ಸಾಲದು. ಬಿಚ್ಚಿದ ಬೋಲ್ಟಿಗೂ ಸುಟ್ಟ ಬೇರಿಂಗಿಗೂ ನಡುವಿನ ಕೊಂಡಿ ತೋರಿಸಬೇಕು. ಅದನ್ನು ತೋರಿಸಿದ ಮೇಲೆ ಉತ್ತರ ಕೊಡುವ ಸರದಿ ಗ್ಯಾರೇಜಿನವರದು.

ಆ ಕೊಂಡಿ ಕಳಚಿಹೋಗುವುದು ಹೇಗೆ ಗೊತ್ತೇ? ಗಾಡಿ ನಿಂತ ಕೂಡಲೇ ಸರ್ವಿಸ್ ಮಾಡಿದವರಿಗೇ ಫೋನು. ಅವರು ಒಳ್ಳೆಯ ಮಾತಾಡಿ, “ಟೋ ಮಾಡಿಸಿ ತರ್ತೀವಿ ಅಣ್ಣ, ಬಿಚ್ಚಿ ನೋಡಿ ಹೇಳ್ತೀವಿ” ಎನ್ನುತ್ತಾರೆ. ಎರಡು ದಿನ ಬಿಟ್ಟು ಹೋದರೆ ಎಂಜಿನ್ ಬೆಂಚಿನ ಮೇಲೆ ತುಂಡು ತುಂಡಾಗಿ ಬಿಚ್ಚಿ ಹರಡಿದೆ, ಚೇಂಬರ್ ತೊಳೆದಿದೆ, ಹಳೆಯ ಫಿಲ್ಟರ್ ಎಲ್ಲೋ ಹೋಗಿದೆ. ಅವರಲ್ಲಿ ಕಪಟ ಇರಲೇಬೇಕೆಂದಿಲ್ಲ, ಬಿಚ್ಚಿದ್ದನ್ನು ಡೀಸೆಲ್ಲಿನಲ್ಲಿ ತೊಳೆದಿಡುವುದು ಆ ಕೈಗಳ ಅಭ್ಯಾಸ. ಆದರೆ ಸಾಕ್ಷಿ ಅಲ್ಲಿಗೆ ಮುಗಿಯಿತು. ಎಂಜಿನ್ ಮೊದಲು ಬಿಚ್ಚಿದವರ ಕಥೆಯೇ ಆಮೇಲೆ ನಿಲ್ಲುವುದು.

ಹಾಗಾಗಿ ನಿಂತ ಗಾಡಿಯನ್ನು ಮತ್ತೆ ಸ್ಟಾರ್ಟ್ ಮಾಡಲು ಹೋಗಬೇಡಿ. ನಿಂತ ಜಾಗ, ಹಿಂದಿನ ರಸ್ತೆಯ ಮೇಲಿನ ಆಯಿಲ್ ಗೆರೆ, ಕಾರಿನ ತಳ, ಮೀಟರಿನ ಕಿಲೋಮೀಟರು, ಉರಿಯುತ್ತಿರುವ ದೀಪ, ಎಲ್ಲದರ ಫೋಟೊ ತೆಗೆಯಿರಿ. ಡಿಪ್‌ಸ್ಟಿಕ್ ಎಳೆದು ಒರೆಸಿ ಮತ್ತೆ ಅದ್ದಿ, ಆಯಿಲ್ ಎಲ್ಲಿವರೆಗಿದೆ ಎಂಬುದನ್ನು ವಿಡಿಯೊ ಮಾಡಿಕೊಳ್ಳಿ. ಗಾಡಿಯನ್ನು ಮೂರನೆಯವರ ಬಳಿ ತಂದಿರಿಸಿ, ಸರ್ವಿಸ್ ಮಾಡಿದವರಿಗೆ ಬರಹದಲ್ಲಿ ತಿಳಿಸಿ: ಇಂಥ ದಿನ ಇಂಥಲ್ಲಿ ಬಿಚ್ಚುತ್ತೇವೆ, ಬಂದು ನೋಡಿ. ವಾಟ್ಸ್‌ಆ್ಯಪ್ ಆದರೂ ಸರಿ, ಸ್ಪೀಡ್ ಪೋಸ್ಟ್ ಇನ್ನೂ ಒಳ್ಳೆಯದು. ಅವರ ಮುಂದೆಯೇ ಬಿಚ್ಚಿ, ಕಂಡದ್ದನ್ನು ಬಿಳಿ ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕುವುದಾದರೆ ಅದಕ್ಕಿಂತ ಗಟ್ಟಿ ದಾಖಲೆ ಇನ್ನೊಂದಿಲ್ಲ. ಅವರು ಬರದಿದ್ದರೆ, ಕರೆದೂ ಬರಲಿಲ್ಲ ಎಂಬುದೇ ನಿಮ್ಮ ಪರ ಮಾತಾಡುತ್ತದೆ. ಉಳಿದ ಆಯಿಲ್ ಒಂದು ಶುಚಿಯಾದ ಬಾಟಲಿಯಲ್ಲಿ, ಫಿಲ್ಟರ್, ವಾಷರ್, ಬೇರಿಂಗ್ ಚೂರುಗಳು ಚೀಲದಲ್ಲಿ. ಯಾವುದನ್ನೂ ತೊಳೆಯಬಾರದು. ಆಯಿಲ್ ಇಲ್ಲದೆ ಸತ್ತ ಬೇರಿಂಗ್ ನೀಲಿಗಟ್ಟಿ ಒರೆಸಿಹೋಗಿರುತ್ತದೆ, ನಿಧಾನವಾಗಿ ಸವೆದದ್ದರಲ್ಲಿ ಗೀರುಗಳು ಮಾತ್ರ ಇರುತ್ತವೆ. ಅನುಭವಿ ಎಂಜಿನ್ ಮೇಸ್ತ್ರಿಗಳು ಇದನ್ನು ಕೈಯಲ್ಲಿ ಹಿಡಿದ ಕೂಡಲೇ ಹೇಳಬಲ್ಲರು, ಎಂಜಿನಿಯರಿಂಗ್ ಕಾಲೇಜಿನ ಆಟೊಮೊಬೈಲ್ ವಿಭಾಗದ ಪ್ರಾಧ್ಯಾಪಕರು ಅದನ್ನೇ ವರದಿಯಾಗಿ ಬರೆದುಕೊಟ್ಟರೆ ಗ್ರಾಹಕ ಆಯೋಗದ ಮುಂದೆ ಅದಕ್ಕೊಂದು ತೂಕ ಬರುತ್ತದೆ.

ಬಿಲ್ಲು ಕೊಡದ ಸಣ್ಣ ಗ್ಯಾರೇಜಾದರೆ ಯುಪಿಐ ಪಾವತಿಯ ದಾಖಲೆ, ಮೆಸೇಜುಗಳು ಕೈಹಿಡಿಯುತ್ತವೆ. ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಮಾತುಕತೆಯಲ್ಲಿ ಮುಗಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ. ನೀವು ವಾಸವಿರುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಗ್ಯಾರೇಜ್ ಇರುವ ಊರಿಗೆ ಅಲೆಯಬೇಕಿಲ್ಲ. ಸೇವೆಗೆ ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಇರಲೇಬೇಕೆಂದೂ ಇಲ್ಲ. ಎರಡು ವರ್ಷದೊಳಗೆ ಕೊಡಬೇಕು. ಈ ನಡುವೆ ಅದೇ ಗ್ಯಾರೇಜಿನವರು ಗಾಡಿ ಹಿಡಿದಿಟ್ಟುಕೊಂಡು ಬಿಲ್ ಕಟ್ಟಿ ಎಂದರೆ? ಮಾಡಿದ ಕೆಲಸದ ಹಣ ಬರುವವರೆಗೆ ವಸ್ತುವನ್ನು ಇಟ್ಟುಕೊಳ್ಳುವ ಹಕ್ಕು ಕರಾರು ಕಾಯ್ದೆಯ 170ನೇ ಕಲಂನಲ್ಲಿ ಇದೆ. ಬೀದಿ ಜಗಳಕ್ಕಿಂತ, “ಆಕ್ಷೇಪಣೆ ಇಟ್ಟುಕೊಂಡೇ ಪಾವತಿಸಿದ್ದೇನೆ” ಎಂದು ಬರೆದು ಕಟ್ಟಿ ಗಾಡಿ ಬಿಡಿಸಿಕೊಳ್ಳುವುದು ಲೇಸು.

ಪರಿಹಾರದ ಮೊತ್ತದಲ್ಲೂ ನ್ಯಾಯ ಬೇಕು. ಲಕ್ಷ ಕಿಲೋಮೀಟರ್ ಓಡಿದ ಕಾರಿಗೆ ಹೊಚ್ಚ ಹೊಸ ಎಂಜಿನ್ ಕೇಳುವುದು ನನಗೆ ಸರಿ ಕಾಣುವುದಿಲ್ಲ. ಹಾಫ್ ಎಂಜಿನ್ ಕೆಲಸದಲ್ಲಿ ಮೊದಲಿನ ಸ್ಥಿತಿಗೆ ಬರುವುದಾದರೆ ಅದರ ಪೂರ್ತಿ ಖರ್ಚು, ಟೋಯಿಂಗ್, ಗಾಡಿ ಇಲ್ಲದ ದಿನಗಳ ಓಡಾಟ, ಇಷ್ಟು ಸಿಗಬೇಕು.

ವಾರಂಟಿ ಇರುವ ಗಾಡಿಯದ್ದು ಬೇರೆಯೇ ತೊಡಕು. “ಹೊರಗಡೆ ಆಯಿಲ್ ಹಾಕ್ಸಿದೀರ, ವಾರಂಟಿ ಹೋಯ್ತು” ಎಂದು ಶೋರೂಮಿನವರು ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತಾರೆ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗ 14 ಕಾರು ಕಂಪನಿಗಳ ಮೇಲೆ ಒಟ್ಟು ₹2,544 ಕೋಟಿ ದಂಡ ಹಾಕಿದಾಗ ಇದನ್ನೇ ಪ್ರಶ್ನಿಸಿತ್ತು. ಹೊರಗಿನ ಗ್ಯಾರೇಜಿಗೆ ಹೋದ ಮಾತ್ರಕ್ಕೆ ಇಡೀ ವಾರಂಟಿ ರದ್ದು ಎಂಬ ಷರತ್ತು ಕೂಡದು, ಹೊರಗಿನ ಕೆಟ್ಟ ಕೆಲಸದಿಂದ ಎಷ್ಟು ಹಾನಿಯಾಯಿತೋ ಅಷ್ಟಕ್ಕೆ ಮಾತ್ರ ನಿರಾಕರಿಸಬಹುದು ಎಂದಿತು. ಆ ಆದೇಶ ಆಮೇಲೆ ಮೇಲ್ಮನವಿ, ಹೈಕೋರ್ಟ್ ಎಂದು ವರ್ಷಗಟ್ಟಲೆ ಅಲೆಯಿತು. ಆದರೆ ಅದರ ಹಿಂದಿರುವ ವಿಚಾರ ನೇರವಾಗಿದೆ. ಹೊರಗೆ ಬದಲಿಸಿದ ಆಯಿಲ್‌ಗೂ ಕೆಟ್ಟ ಭಾಗಕ್ಕೂ ಸಂಬಂಧವಿದೆ ಎನ್ನುವವರು ಅದನ್ನು ತೋರಿಸಬೇಕು. ಸರಿಯಾದ ಗ್ರೇಡಿನ ಆಯಿಲ್ ಸರಿಯಾದ ಕಿಲೋಮೀಟರಿಗೆ ಹಾಕಿಸಿದ ಬಿಲ್ಲುಗಳು ನಿಮ್ಮಲ್ಲಿದ್ದರೆ ಆ ಮಾತಾಡುವುದಕ್ಕೆ ಬಲ ಬರುತ್ತದೆ.

ವಿಮೆಯ ಮೇಲೆ ಭರವಸೆ ಇಡುವವರು ಪಾಲಿಸಿ ಓದಿಕೊಳ್ಳಬೇಕು. ಮಾಮೂಲಿ ವಾಹನ ವಿಮೆಯಲ್ಲಿ ಯಾಂತ್ರಿಕ ದೋಷವೂ ಅದರ ಹಿಂದೆ ಬರುವ ನಷ್ಟವೂ ಹೊರಗೆ. ಕಲ್ಲು ಬಡಿದು ಚೇಂಬರ್ ಒಡೆದರೆ ಚೇಂಬರಿನ ದುಡ್ಡು ಸಿಗುತ್ತದೆ, ಆಮೇಲೆ ಓಡಿಸಿ ಸೀಜ್ ಮಾಡಿಕೊಂಡ ಎಂಜಿನ್ನಿನದು ಸಿಗುವುದಿಲ್ಲ. ಅದಕ್ಕೆ ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಬೇಕು, ಅದಕ್ಕೂ ಷರತ್ತುಗಳಿವೆ.

ರಸ್ತೆ ಬದಿಯ ಸಣ್ಣ ಗ್ಯಾರೇಜಿನ ಮೇಸ್ತ್ರಿಗೆ ಇಂಥ ಒಂದು ದೂರು ವರ್ಷದ ದುಡಿಮೆಯನ್ನೇ ನುಂಗಬಲ್ಲದು. ಅದನ್ನು ತಪ್ಪಿಸಲು ಕೆಲವು ಕಡೆ ಒಂದು ಒಳ್ಳೆಯ ಪದ್ಧತಿ ಇದೆ, ಎಲ್ಲ ಕಡೆ ಬರಬೇಕು ಎಂಬುದು ನನ್ನ ಆಸೆ. ಬೋಲ್ಟನ್ನು ಟಾರ್ಕ್ ಸ್ಪ್ಯಾನರಿನಲ್ಲಿ ಬಿಗಿದ ಮೇಲೆ ಬೋಲ್ಟಿಗೂ ಚೇಂಬರಿಗೂ ಸೇರಿಸಿ ಪೇಂಟಿನಿಂದ ಒಂದು ಗೆರೆ ಎಳೆಯುತ್ತಾರೆ. ಬೋಲ್ಟ್ ಅಲುಗಿದರೆ ಗೆರೆ ತಪ್ಪುತ್ತದೆ. ಎಂಜಿನ್ ಐದು ನಿಮಿಷ ಓಡಿಸಿ, ನಿಲ್ಲಿಸಿ, ಆಯಿಲ್ ಕೆಳಗಿಳಿಯುವವರೆಗೆ ಕಾದು ಮತ್ತೆ ಅಳೆಯುತ್ತಾರೆ, ಹೊಸ ಫಿಲ್ಟರ್ ಕುಡಿದಷ್ಟನ್ನು ತುಂಬುತ್ತಾರೆ. ಆ ಗೆರೆ, ಡಿಪ್‌ಸ್ಟಿಕ್, ಖಾಲಿ ಆಯಿಲ್ ಡಬ್ಬಿಯ ಮೇಲಿನ ಗ್ರೇಡ್, ಮೀಟರಿನ ಕಿಲೋಮೀಟರು, ನಾಲ್ಕು ಫೋಟೊ ಗಾಡಿಯವರ ಫೋನಿಗೆ ಹೋಗುತ್ತವೆ. ಗಾಡಿ ತೆಗೆದುಕೊಳ್ಳುವಾಗ ಇವನ್ನು ಕೇಳಿ ಪಡೆಯುವುದಕ್ಕೆ ಯಾರೂ ಸಂಕೋಚಪಡಬೇಕಿಲ್ಲ.